ಪಂಪಿನ ರೋಧ ಲೆಕ್ಕದಲ್ಲಿ 19.7 ಓಮ್, ಮಲ್ಟಿಮೀಟರಿನಲ್ಲಿ 2.6. ಯಾವುದನ್ನು ನಂಬುವುದು?

ಎಣ್ಮಕಜೆ ತೋಟ:

ನಮಸ್ಕಾರ. ಕರೆಂಟಿನ ಲೆಕ್ಕ ಗೊತ್ತಿರುವವರು ಇದನ್ನೊಮ್ಮೆ ನೋಡಿ ಹೇಳಿ ಮಾರಾಯ್ರೆ, ಮನೆಯಲ್ಲಿ ಅಪ್ಪ ಮಗಳಿಗೆ ಇದೇ ಚರ್ಚೆ ಆಗಿಬಿಟ್ಟಿದೆ.

ನಮ್ಮದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ಅಡಿಕೆ ತೋಟ. ತೋಟದ ತಗ್ಗಿನಲ್ಲಿ ಕೆರೆ. ಕೆರೆ ಬದಿಯ ಶೆಡ್ಡಿನಲ್ಲಿ ಒಂದೂವರೆ ಎಚ್‌ಪಿ ಮೋನೋಬ್ಲಾಕ್ (ಮೋಟರು ಪಂಪು ಒಂದೇ ತುಂಡಾಗಿರುವ) ಪಂಪು, ಸಿಂಗಲ್ ಫೇಸ್. ಮನೆಯ ಬೋರ್ಡಿನಿಂದ ಶೆಡ್ಡಿಗೆ 130 ಮೀಟರ್ ದೂರ, ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ತಾಮ್ರದ ವೈರು. ಅಪ್ಪ ಇದ್ದಾಗ ಎಳೆಸಿದ್ದು. ಕೆಲವು ಕಡೆ ಪೈಪಿನೊಳಗೆ ಇದೆ, ಕೆಲವು ಕಡೆ ಅಡಿಕೆ ಮರಕ್ಕೆ ಕಟ್ಟಿಕೊಂಡು ಹೋಗಿದೆ. ಬೆಳಿಗ್ಗೆ ಪಂಪು ಚೆನ್ನಾಗಿಯೇ ಓಡುತ್ತದೆ. ಸಂಜೆ ಏಳರ ಮೇಲೆ ಸ್ವಿಚ್ ಹಾಕಿದರೆ ಗುಂಯ್ ಅಂತ ನಿಂತಲ್ಲೇ ಗುನುಗುತ್ತದೆ, ಆಮೇಲೆ ಓವರ್‌ಲೋಡ್ (ಕರೆಂಟು ಜಾಸ್ತಿಯಾದರೆ ಪಂಪು ನಿಲ್ಲಿಸುವ ಸ್ವಿಚ್ಚು) ಬಿದ್ದು ಬಂದ್. ಆ ಹೊತ್ತಿಗೆ ಮನೆಯಲ್ಲೇ 190 ವೋಲ್ಟ್ ಇರುತ್ತದೆ. ಈ ಬೇಸಿಗೆಯಲ್ಲಿ ಒಂದು ದಿನ ಸ್ಪ್ರಿಂಕ್ಲರ್ ತಪ್ಪಿದರೂ ಗೊತ್ತಲ್ಲ, ಅಡಿಕೆಯ ಸೋಗೆ ಹಳದಿ ತಿರುಗಲು ಶುರು.

ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ವೋಲ್ಟೇಜು, ಕರೆಂಟು ಎರಡು ಗೊತ್ತಾದರೆ ರೋಧ, ಪವರ್ ಎಲ್ಲ ಸಿಗುತ್ತದೆ ಅಪ್ಪ ಅಂದಳು. ಸರಿ, ಅಳೆಯುವ ಅಂತ ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಒಂದು ಕ್ಲ್ಯಾಂಪ್ ಮೀಟರ್ ತಂದೆ, ಮಲ್ಟಿಮೀಟರ್ ಮೊದಲೇ ಇತ್ತು. ಬೆಳಿಗ್ಗೆ ಪಂಪು ಓಡುತ್ತಿದ್ದಾಗ ಮನೆಯ ಬೋರ್ಡಿನಲ್ಲಿ 217 ವೋಲ್ಟ್. ಶೆಡ್ಡಿನಲ್ಲಿ ಪಂಪಿನ ಟರ್ಮಿನಲಿನಲ್ಲಿ 197. ಕರೆಂಟು ಸರಿಯಾಗಿ 10 ಆಂಪಿಯರ್.

ಅವಳ ಲೆಕ್ಕ: ರೋಧ ಅಂದರೆ 197 ಭಾಗಿಸು 10, ಅಂದರೆ 19.7 ಓಮ್. ಪವರ್ 197 ಗುಣಿಸು 10, ಅಂದರೆ 1970 ವಾಟ್. ಆಮೇಲೆ ನಾನು ಮೈನ್ ಆಫ್ ಮಾಡಿ, ವೈರು ಬಿಚ್ಚಿ, ಪಂಪಿನ ಟರ್ಮಿನಲಿಗೆ ಮಲ್ಟಿಮೀಟರ್ ಇಟ್ಟು ಓಮ್ ನೋಡಿದೆ. 2.6 ಅಂತ ತೋರಿಸಿತು! 19.7 ಎಲ್ಲಿ, 2.6 ಎಲ್ಲಿ. ವೈಂಡಿಂಗ್ (ಮೋಟರಿನೊಳಗೆ ಸುತ್ತಿದ ತಂತಿ) ಏನಾದರೂ ಶಾರ್ಟ್ ಆಗಿದೆಯಾ? ಇನ್ನೊಂದು, ಒಂದೂವರೆ ಎಚ್‌ಪಿ ಅಂದರೆ 1119 ವಾಟ್ ಅಲ್ವಾ, ಹಾಗಾದರೆ 1970 ಯಾಕೆ ಎಳೆಯುತ್ತಿದೆ? ವೈರಿನಲ್ಲಿ ಹೋಗುವ 20 ವೋಲ್ಟ್ ಜಾಸ್ತಿಯಾ ಅಥವಾ ಇಷ್ಟು ದೂರಕ್ಕೆ ಅಷ್ಟು ಸಹಜವಾ? ಪಂಪು ರಿವೈಂಡಿಂಗಿಗೆ ಕೊಡಬೇಕಾ ಅಂತ ಯೋಚನೆ ಹತ್ತಿದೆ.

ಮುಳ್ಳೇರಿಯದ ಹಳಬ:

ನಮ್ಮ ಅಜ್ಜ ಗುಡ್ಡೆಗೆ ಅಡ್ಡ ಕೊರೆಸಿದ ಸುರಂಗದ ನೀರಿಗೆ ಈಗಲೂ ವೋಲ್ಟೇಜೂ ಬೇಡ, ಆಂಪಿಯರೂ ಬೇಡ, ತನ್ನಷ್ಟಕ್ಕೆ ಮದಕಕ್ಕೆ (ನೀರು ನಿಲ್ಲಿಸುವ ಕೆರೆಗೆ) ಬಂದು ಬೀಳುತ್ತದೆ. ಮೇಯಲ್ಲಿ ಮಾತ್ರ ನೂಲಿನಷ್ಟು ಆಗುತ್ತದೆ, ಆಗ ನಾವೂ ಪಂಪಿನ ಹತ್ತಿರವೇ ಹೋಗಬೇಕು. ರಿವೈಂಡಿಂಗಿಗೆ ಕೊಡಬೇಡಿ ಇವರೇ, ಓಡುವ ಪಂಪನ್ನು ಬಿಚ್ಚಿಸಿದವರು ಉದ್ಧಾರ ಆದದ್ದು ನಾನು ನೋಡಿಲ್ಲ. ಲೆಕ್ಕ ಗೊತ್ತಿರುವವರು ಬರುತ್ತಾರೆ, ಕಾಯಿರಿ.

ಬದಿಯಡ್ಕ ವೈರ್‌ಮ್ಯಾನ್:

ಅಣ್ಣ, ವೈಂಡಿಂಗಿಗೆ ಏನೂ ಆಗಿಲ್ಲ. ಒಂದೂವರೆ ಎಚ್‌ಪಿ ಸಿಂಗಲ್ ಫೇಸಿನ ರನ್ನಿಂಗ್ ವೈಂಡಿಂಗ್ ಎರಡು ಮೂರು ಓಮ್ ಬರುವುದು ಮಾಮೂಲು. ಅದೂ 2.6 ಪೂರ್ತಿ ವೈಂಡಿಂಗಿನದ್ದಲ್ಲ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ, 0.2, 0.3 ಅಂತ ಏನಾದರೂ ತೋರಿಸುತ್ತದೆ. ಅದು ಮೀಟರಿನ ವೈರಿನದ್ದೇ ರೋಧ. ಅದನ್ನು ಕಳೆಯಿರಿ. ದೊಡ್ಡ ಓಮ್ ಅಳೆಯುವಾಗ ಇದು ಲೆಕ್ಕಕ್ಕೇ ಇಲ್ಲ, ಎರಡು ಓಮ್ ಅಳೆಯುವಾಗ ಅದೇ ಹತ್ತು ಹದಿನೈದು ಪರ್ಸೆಂಟ್ ಆಗುತ್ತದೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ರೋಧ ಅನ್ನುವುದು ಇಸ್ತ್ರಿಪೆಟ್ಟಿಗೆಗೆ ಸರಿ, ಗೀಸರಿಗೆ ಸರಿ, ನೀರು ಕಾಯಿಸುವ ಕಾಯಿಲಿಗೆ ಸರಿ. 1000 ವಾಟಿನ ಇಸ್ತ್ರಿಪೆಟ್ಟಿಗೆ ತೆಗೆದುಕೊಳ್ಳಿ, 230 ವೋಲ್ಟಿಗೆ 4.35 ಆಂಪಿಯರ್, ರೋಧ 53 ಓಮ್ ಹತ್ತಿರ. ಪ್ಲಗ್ ತೆಗೆದು, ಥರ್ಮೋಸ್ಟ್ಯಾಟ್ ತಿರುಗಿಸಿ ಆನ್ ಮಾಡಿ ಮೀಟರ್ ಇಡಿ, ಹೆಚ್ಚು ಕಮ್ಮಿ ಅಷ್ಟೇ ತೋರಿಸುತ್ತದೆ. ಮೋಟರಿನಲ್ಲಿ ಹಾಗಲ್ಲ. 0.3 ಕಳೆದು ಉಳಿಯುವ 2.3 ಓಮ್ ಮಾತ್ರ ಇದ್ದಿದ್ದರೆ 197 ವೋಲ್ಟಿಗೆ 85 ಆಂಪಿಯರ್ ಹೋಗಬೇಕಿತ್ತು, ನಿಮ್ಮ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಬೋರ್ಡಿನ ಸ್ವಿಚ್ಚು) ಆಗಲೇ ಹಾರುತ್ತಿತ್ತು. ಯಾಕೆ ಹೋಗುವುದಿಲ್ಲ ಅನ್ನುವುದನ್ನು ಓದಿದವರು ಹೇಳಲಿ, ನಾನು ಕೈಯಲ್ಲಿ ಕಲಿತವನು.

ನನಗೆ ಅನುಮಾನ ಬಂದಿರುವುದು ನಿಮ್ಮ ವೈರಿನ ಮೇಲೆ. 130 ಮೀಟರಿಗೆ ಎರಡೂವರೆ ಸ್ಕ್ವೇರ್ ಅನ್ನುವುದು ಒಂದೂವರೆ ಎಚ್‌ಪಿಗೆ ಸಣ್ಣದಾಯಿತು. ಈ ಕಡೆ ತೋಟಗಳಲ್ಲಿ ನಾನು ಹೋದ ಕಡೆಯೆಲ್ಲ ಇದೇ ಕತೆ. ಪಂಪಿಗೆ ಹದಿನೈದು ಸಾವಿರ ಕೊಡುತ್ತಾರೆ, ವೈರಿಗೆ ಮಾತ್ರ ಪೇಟೆಯಲ್ಲಿ ಅತಿ ಕಮ್ಮಿಯದ್ದನ್ನು ಹುಡುಕುತ್ತಾರೆ.

ಕುಂಬಳೆ ಟೀಚರ್:

ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುವವಳು ನಾನು. ನಿಮ್ಮ ಮಗಳು ತಪ್ಪು ಮಾಡಿಲ್ಲ, ಮೊದಲು ಅವಳಿಗೆ ಅದನ್ನು ಹೇಳಿ. ಪರೀಕ್ಷೆಯಲ್ಲಿ ಕೊಡುವ ಲೆಕ್ಕಗಳಲ್ಲಿ ಯಾವಾಗಲೂ ಹೀಟರೋ ಇಸ್ತ್ರಿಪೆಟ್ಟಿಗೆಯೋ ಇರುತ್ತದೆ, ಪಂಪು ಬರುವುದೇ ಇಲ್ಲ. ಅದಕ್ಕೆ ಕಾರಣ ಇದೆ.

19.7 ಓಮ್ ಅನ್ನುವ ಸಂಖ್ಯೆ ಸುಳ್ಳಲ್ಲ. ಆದರೆ ಅದು ತಂತಿಯ ರೋಧವಲ್ಲ, ಓಡುತ್ತಿರುವ ಮೋಟರು ಒಟ್ಟಾರೆ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವುದು. ಇಂಪೀಡೆನ್ಸ್ ಅಂತಾರೆ. ಅದರಲ್ಲಿ ವೈಂಡಿಂಗಿನ ತಂತಿಯ ಪಾಲು ಬರೇ 2.3. ಉಳಿದದ್ದು ಎರಡು ಕಡೆಯಿಂದ ಬರುತ್ತದೆ. ಒಂದು, ಕಬ್ಬಿಣಕ್ಕೆ ಸುತ್ತಿದ ಕಾಯಿಲು ಎಸಿ ಕರೆಂಟಿನ ಏರಿಳಿತಕ್ಕೆ ಒಡ್ಡುವ ಅಡ್ಡಿ. ಮಲ್ಟಿಮೀಟರು ಓಮ್ ಅಳೆಯುವುದು ಒಳಗಿನ ಬ್ಯಾಟರಿಯ ಡಿಸಿಯಿಂದ, ಡಿಸಿಯಲ್ಲಿ ಏರಿಳಿತವೇ ಇಲ್ಲವಲ್ಲ, ಹಾಗಾಗಿ ಈ ಅಡ್ಡಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯದು, ಮೋಟರು ತಿರುಗುವಾಗ ಅದರೊಳಗೇ ಒಂದು ಎದುರು ವೋಲ್ಟೇಜು ಹುಟ್ಟುತ್ತದೆ. ಹೊರಗಿನಿಂದ 197 ತಳ್ಳಿದರೆ ಒಳಗಿನಿಂದ ಅದರ ಬಹುಪಾಲನ್ನು ವಾಪಸು ತಳ್ಳುತ್ತಾ ಇರುತ್ತದೆ. ಪಂಪು ತಿರುಗದೆ ನಿಂತರೆ ಈ ಎದುರು ವೋಲ್ಟೇಜು ಇಲ್ಲ. ಆಗ ಕರೆಂಟು ಓಡುವಾಗಿನ ನಾಲ್ಕೈದು ಪಟ್ಟು ಏರುತ್ತದೆ. ಸಂಜೆ ಗುಂಯ್ ಅಂತ ನಿಂತಲ್ಲೇ ಗುನುಗುವಾಗ ಆಗುವುದು ಅದೇ. ಆ ಹೊತ್ತಿಗೆ ಓವರ್‌ಲೋಡ್ ಬೀಳುವುದು ಉಪದ್ರ ಅಲ್ಲ, ನಿಮ್ಮ ವೈಂಡಿಂಗ್ ಉಳಿಸುತ್ತಿರುವುದೇ ಅದು.

ಇನ್ನು ಪವರ್. 197 ಗುಣಿಸು 10 ಅಂದಾಗ ಸಿಗುವುದು 1970 ವೋಲ್ಟ್ ಆಂಪಿಯರ್. ಅದನ್ನು ವಾಟ್ ಅನ್ನಬೇಕಾದರೆ ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕು, ಪವರ್ ಫ್ಯಾಕ್ಟರ್. ಮೋಟರಿನಲ್ಲಿ ಕರೆಂಟಿನ ಅಲೆ ವೋಲ್ಟೇಜಿನ ಅಲೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬಿದ್ದಷ್ಟೂ ನಿಜವಾಗಿ ಖರ್ಚಾಗುವ ವಾಟ್ ಕಮ್ಮಿ. ಹೀಟರಿನಲ್ಲಿ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಅಲ್ಲಿ ಈ ಫ್ಯಾಕ್ಟರ್ 1, ಅದಕ್ಕೇ ಶಾಲೆಯ ಸೂತ್ರ ಸೀದಾ ಹೊಂದುತ್ತದೆ. ಮತ್ತೆ ಒಂದೂವರೆ ಎಚ್‌ಪಿ ಅನ್ನುವುದು ಮೋಟರು ಶಾಫ್ಟಿನಲ್ಲಿ ಕೊಡುವ ಪವರು. ಎಳೆದುಕೊಳ್ಳುವುದು ಅದಕ್ಕಿಂತ ಜಾಸ್ತಿಯೇ ಇರಬೇಕು. ಸಣ್ಣ ಸಿಂಗಲ್ ಫೇಸ್ ಮೋಟರುಗಳಲ್ಲಿ ಮೂರರಲ್ಲಿ ಒಂದು ಪಾಲು ಶಾಖವಾಗಿ ಹೋಗುವುದು ಅಚ್ಚರಿ ಅಲ್ಲ.

ನಿಜವಾದ ವಾಟ್ ತಿಳಿಯಲು ಹೊಸ ಉಪಕರಣ ಏನೂ ಬೇಡ, ಮನೆಯ ಕರೆಂಟು ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟಿಗೆ ಎಷ್ಟು ಮಿಣುಕು ಅಂತ ಅಚ್ಚಾಗಿರುತ್ತದೆ, 1600, 3200 ಹೀಗೆ. ಫ್ರಿಜ್, ಫ್ಯಾನ್, ಬಲ್ಬು ಎಲ್ಲ ಆಫ್ ಮಾಡಿ, ಪಂಪು ಮಾತ್ರ ಬಿಟ್ಟು, ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕುತ್ತದೆ ಅಂತ ಮಗಳ ಕೈಯಲ್ಲಿ ಎಣಿಸಿ. ಆ ಸಂಖ್ಯೆಯನ್ನು 60ರಿಂದ ಗುಣಿಸಿ, ಅಚ್ಚಾದ ಸಂಖ್ಯೆಯಿಂದ ಭಾಗಿಸಿ. ಬಂದದ್ದು ಕಿಲೋವಾಟ್.

ಉಪ್ಪಳ ಪಾಲಿಟೆಕ್ನಿಕ್:

ಪವರ್ ಫ್ಯಾಕ್ಟರ್ ಕಮ್ಮಿ ಇದ್ದರೆ ಕೆಪಾಸಿಟರ್ ದೊಡ್ಡದು ಹಾಕಿದರೆ ಆಯ್ತಲ್ಲ? ಸ್ಟಾರ್ಟಿಂಗೂ ಸುಲಭ ಆಗುತ್ತದೆ, ಕರೆಂಟೂ ಕಮ್ಮಿ. ಇಲ್ಲದಿದ್ದರೆ ಮನೆಯ ಹತ್ತಿರ ಒಂದು ಸ್ಟೆಬಿಲೈಜರ್ ಇಟ್ಟು 240ಕ್ಕೆ ಏರಿಸಿ ಕಳುಹಿಸಿ. ವೈರು ಬದಲಿಸುವ ಗೊಡವೆಯೇ ಇಲ್ಲ.

ಬದಿಯಡ್ಕ ವೈರ್‌ಮ್ಯಾನ್:

ತಮ್ಮಾ, ಪಂಪಿಗೆ ಕಟ್ಟಿದ ರನ್ನಿಂಗ್ ಕೆಪಾಸಿಟರ್ ಇರುವುದು ಸ್ಟಾರ್ಟಿಂಗ್ ವೈಂಡಿಂಗಿನ ಸರಣಿಯಲ್ಲಿ. ಅದನ್ನು ಮನಸ್ಸಿಗೆ ಬಂದ ಹಾಗೆ ದೊಡ್ಡದು ಮಾಡಿದರೆ ಆ ವೈಂಡಿಂಗಿನಲ್ಲಿ ಕರೆಂಟು ಜಾಸ್ತಿಯಾಗಿ ಬಿಸಿಯೇರುತ್ತದೆ. ಪಂಪಿನ ಮೇಲೆ ಎಷ್ಟು ಮೈಕ್ರೊಫ್ಯಾರಡ್ ಅಂತ ಬರೆದಿದೆಯೋ ಅಷ್ಟೇ ಹಾಕಬೇಕು. ಹೌದು, ಹಳೆಯ ಕೆಪಾಸಿಟರ್ ಸೊರಗಿದ್ದರೆ ಗುನುಗುವುದು ಅದರಿಂದಲೂ ಆಗುತ್ತದೆ. ಆದರೆ ಹಾಗಾಗಿದ್ದರೆ ಬೆಳಿಗ್ಗೆ ಇಷ್ಟು ಸಲೀಸಾಗಿ ಎತ್ತಿಕೊಳ್ಳುತ್ತಿರಲಿಲ್ಲ. ಆದರೂ ಅಳೆಯುವುದಕ್ಕೆ ಏನು ಖರ್ಚು, ಒಮ್ಮೆ ನೋಡಿಬಿಡಿ ಅಣ್ಣ. ಮುಟ್ಟುವ ಮೊದಲು ಅದರ ಚಾರ್ಜ್ ಇಳಿಸಿಕೊಳ್ಳಿ, ಮೈನ್ ಆಫ್ ಆದ ಮೇಲೂ ಅದು ಹೊಡೆಯುತ್ತದೆ.

ಸ್ಟೆಬಿಲೈಜರ್ ಬೇಡ ಅಂತಲ್ಲ, ಸಂಜೆ 190ಕ್ಕೆ ಇಳಿಯುವ ಕಡೆ ಕೆಲವರು ಇಟ್ಟಿದ್ದಾರೆ. ಆದರೆ ವೈರು ಹಾಗೇ ಬಿಟ್ಟು ಸ್ಟೆಬಿಲೈಜರಿಗೆ ದುಡ್ಡು ಸುರಿಯುವುದು ಯಾವ ಬುದ್ಧಿ? ವೈರಿನಲ್ಲಿ ಹೋಗುವುದು ಆಗಲೂ ಹೋಗುತ್ತಲೇ ಇರುತ್ತದೆ.

ಎಣ್ಮಕಜೆ ತೋಟ:

ಎಲ್ಲರಿಗೂ ಉಪಕಾರ. ಕಡ್ಡಿ ಮುಟ್ಟಿಸಿ ನೋಡಿದೆ, 0.3 ಬಂತು. ಹಾಗಾದರೆ ವೈಂಡಿಂಗ್ 2.3. ಕೆಪಾಸಿಟರ್ ಪೆರ್ಲದ ಅಂಗಡಿಗೆ ತೆಗೆದುಕೊಂಡು ಹೋಗಿ ಅಳೆಸಿದೆ, ಬರೆದದ್ದಕ್ಕೆ ಸರಿಯಾಗಿಯೇ ಇದೆ.

ಮೀಟರಿನ ಮೇಲೆ 1600 ಅಂತ ಇದೆ. ಎಲ್ಲ ಆಫ್ ಮಾಡಿ ಮಗಳು ಎಣಿಸಿದಳು, ನಾನು ಫೋನಿನಲ್ಲಿ ನಿಮಿಷ ನೋಡಿದೆ. 51. ಮತ್ತೊಮ್ಮೆ ಎಣಿಸಿದರೂ 51. 51 ಗುಣಿಸು 60 ಅಂದರೆ 3060, ಭಾಗಿಸು 1600 ಅಂದರೆ 1.91 ಕಿಲೋವಾಟ್. ಅಂದರೆ ಗಂಟೆಗೆ ಎರಡು ಯೂನಿಟಿನ ಹತ್ತಿರ. ಆಗಲೂ ಮನೆಯಲ್ಲಿ 217, ಕರೆಂಟು 10.

ಈಗ ಮಗಳ ಹೊಸ ತಕರಾರು. ವೈರು ಮೋಟರಲ್ಲ, ಬರೇ ತಂತಿ. ಅಲ್ಲಿ ಶಾಲೆಯ ಸೂತ್ರ ನಡೆಯಲೇಬೇಕಲ್ಲ. 217ರಲ್ಲಿ 197 ಕಳೆದರೆ 20 ವೋಲ್ಟ್, 10 ಆಂಪಿಯರಿನಿಂದ ಭಾಗಿಸಿದರೆ 2 ಓಮ್. ಇದಾದರೂ ಸರಿಯಾ ಅಂತ ಟೀಚರ ಹತ್ತಿರ ಕೇಳು ಅಂದಳು.

ಕುಂಬಳೆ ಟೀಚರ್:

ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಓಮ್ ಅನ್ನುವ ಜರ್ಮನ್ ಮೇಷ್ಟ್ರು 1827ರಲ್ಲಿ ತನ್ನ ನಿಯಮವನ್ನು ಪುಸ್ತಕವಾಗಿ ತರುವ ಮೊದಲು ಪ್ರಯೋಗ ಮಾಡಿದ್ದು ಬೇರೆ ಬೇರೆ ಉದ್ದದ ತಂತಿಗಳ ಮೇಲೆಯೇ. ವೋಲ್ಟೇಜು ಅಲುಗಾಡಬಾರದು ಅಂತ ಬ್ಯಾಟರಿ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹ ಸೇರಿಸಿ, ಒಂದು ಸಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಕರೆಂಟು ತೆಗೆದ. ಅವನಿಗೆ ಸಿಕ್ಕಿದ್ದ ಸ್ಥಿರ ವೋಲ್ಟೇಜು ನಮ್ಮ ಸಂಜೆಯ ಲೈನಿಗೆ ಸಿಕ್ಕಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ!

ವೈರಿಗೆ ಸೂತ್ರ ನಡೆಯುತ್ತದೆ. ಆದರೆ 20 ಅನ್ನುವುದು ವೈರಿನ ಎರಡು ತುದಿಯ ನಡುವೆ ನೇರವಾಗಿ ಅಳೆದದ್ದಲ್ಲ, ಎರಡು ಕಡೆಯ ರೀಡಿಂಗುಗಳ ವ್ಯತ್ಯಾಸ. ಡಿಸಿ ಆಗಿದ್ದರೆ ಎರಡೂ ಒಂದೇ. ಎಸಿಯಲ್ಲಿ, ಕರೆಂಟು ಹಿಂದೆ ಬಿದ್ದಿರುವಾಗ, ಹಾಗೆ ಸೀದಾ ಕಳೆದರೆ ವೈರಿನ ನಿಜವಾದ ವೋಲ್ಟೇಜಿಗಿಂತ ಕಮ್ಮಿ ಬರುತ್ತದೆ. ಹೆಚ್ಚು ಕಮ್ಮಿ ಪವರ್ ಫ್ಯಾಕ್ಟರಿನಷ್ಟೇ ಕಮ್ಮಿ.

ನಿಮ್ಮ 51 ಮಿಣುಕು ಇಲ್ಲಿ ಉಪಯೋಗಕ್ಕೆ ಬಂತು. ಮನೆಯಲ್ಲಿ 217 ಗುಣಿಸು 10 ಅಂದರೆ 2170. ಮೀಟರು ಹೇಳಿದ್ದು 1910 ವಾಟ್. 1910 ಭಾಗಿಸು 2170 ಅಂದರೆ 0.88, ಅದೇ ಪವರ್ ಫ್ಯಾಕ್ಟರ್. ಪಂಪಿನ ತುದಿಯಲ್ಲಿ ಇದಕ್ಕಿಂತ ಸ್ವಲ್ಪ ಕಮ್ಮಿ ಇರುತ್ತದೆ, ನಡುವೆ 0.86 ಹಿಡಿಯೋಣ. ಈಗ 20 ವೋಲ್ಟನ್ನು 10ರಿಂದಲೂ 0.86ರಿಂದಲೂ ಭಾಗಿಸಿ. 2.3 ಓಮ್.

ಇದನ್ನು ವೈರುಗಳ ರೋಧದ ಪಟ್ಟಿಯ ಜೊತೆ ಹೋಲಿಸಿ ನೋಡಿ. ಎರಡೂವರೆ ಸ್ಕ್ವೇರ್ ತಾಮ್ರಕ್ಕೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ ಸುಮಾರು 7.4 ಓಮ್. ದೂರ 130 ಮೀಟರ್ ಆದರೂ ಕರೆಂಟು ಹೋಗಿ ಬರಬೇಕು, ಹಾಗಾಗಿ 260 ಮೀಟರ್ ಲೆಕ್ಕ. ಇದನ್ನು ಎಷ್ಟೋ ಮಂದಿ ಮರೆಯುತ್ತಾರೆ. 1.93 ಓಮ್ ಆಯಿತು. ತಾಮ್ರದ ರೋಧ ಹತ್ತು ಡಿಗ್ರಿ ಬಿಸಿಗೆ ನಾಲ್ಕು ಪರ್ಸೆಂಟ್ ಏರುತ್ತದೆ, ಈ ಸೆಕೆಗೆ 2 ಓಮ್ ಇಡೋಣ. ಇರಬೇಕಾದ್ದು 2, ಇರುವುದು 2.3. ನಡುವಿನ 0.3 ಓಮ್ ತಂತಿಯದ್ದಲ್ಲ. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಸರಿ ಇಲ್ಲ ಅಂತ ನನ್ನ ಊಹೆ.

0.3 ಓಮ್ ಸಣ್ಣದು ಅನ್ನಿಸಬಹುದು. ಅಲ್ಲಿ ಸುಡುವ ಪವರು ಕರೆಂಟಿನ ವರ್ಗ ಗುಣಿಸು ರೋಧ, 10 ಗುಣಿಸು 10 ಗುಣಿಸು 0.3, ಅಂದರೆ 30 ವಾಟ್. ಉಳಿದ ವೈರಿನಲ್ಲಿ 200 ವಾಟ್ ಹೋದರೂ ಅದು 260 ಮೀಟರಿಗೆ ಹಂಚಿ ಹೋಗುತ್ತದೆ, ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ಈ 30 ವಾಟ್ ಬೆರಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರುವುದೇ 25 ವಾಟ್.

ಬದಿಯಡ್ಕ ವೈರ್‌ಮ್ಯಾನ್:

ಟೀಚರ್, ಲೆಕ್ಕ ಸರಿ ಇದೆ, ನಾನು ಒಪ್ಪುತ್ತೇನೆ. ಆದರೆ ಒಂದು ಮಾತು. ಅಣ್ಣ ಮನೆಯಲ್ಲಿ 217 ನೋಡಿ, ತೋಟಕ್ಕೆ ಇಳಿದು 197 ನೋಡುವ ಹೊತ್ತಿಗೆ ಲೈನಿನ ವೋಲ್ಟೇಜೇ ಎರಡು ಮೂರು ಅತ್ತಿತ್ತ ಆಗಿರಬಹುದು. ನಿಮ್ಮ 0.3 ಓಮ್ ಅಂದರೆ ಮೂರು ವೋಲ್ಟ್ ಚಿಲ್ಲರೆ, ಅಷ್ಟೇ. ಅಗ್ಗದ ಕ್ಲ್ಯಾಂಪ್ ಮೀಟರಿನ ತಪ್ಪೂ ಸೇರಿದರೆ ಮುಗಿಯಿತು. ಒಬ್ಬರು ಮನೆಯಲ್ಲಿ, ಒಬ್ಬರು ಶೆಡ್ಡಿನಲ್ಲಿ ನಿಂತು ಫೋನಿನಲ್ಲಿ ಮಾತಾಡಿಕೊಂಡು ಒಂದೇ ಹೊತ್ತಿಗೆ ಓದಿ. ಎರಡು ಮೀಟರನ್ನೂ ಮೊದಲು ಒಂದೇ ಪ್ಲಗ್ಗಿನಲ್ಲಿ ಇಟ್ಟು ಒಂದೇ ತೋರಿಸುತ್ತವಾ ನೋಡಿ.

ಅದಕ್ಕಿಂತ ಸುಲಭ, ವೈರಿನ ಉದ್ದಕ್ಕೂ ನಡೆದು ನೋಡುವುದು. ಹತ್ತು ನಿಮಿಷ ಪಂಪು ಓಡಿಸಿ, ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಿ, ಬೋರ್ಡಿನ ಹತ್ತಿರ ಯಾರನ್ನೂ ಬಿಡಬೇಡಿ. ಟೆಸ್ಟರಿನಲ್ಲಿ ಶೆಡ್ಡಿನ ತುದಿ ಸತ್ತಿದೆ ಅಂತ ಖಾತ್ರಿ ಮಾಡಿದ ಮೇಲೆ ಒಂದೊಂದೇ ಜಾಯಿಂಟಿನ ಹತ್ತಿರ ಕೈಯ ಹಿಂಬದಿ ತನ್ನಿ. ಕೆಟ್ಟದ್ದು ಬಿಸಿ ಹೇಳುತ್ತದೆ. ಓಡುತ್ತಿರುವಾಗ ಮಾತ್ರ ಮುಟ್ಟಲಿಕ್ಕೆ ಹೋಗಬೇಡಿ, ಒದ್ದೆ ನೆಲ, ಬರಿಗಾಲು, ಹಳೆಯ ಟೇಪು, ಮೂರೂ ಒಟ್ಟಿಗೆ ಸೇರಬಾರದು. ಬೋರ್ಡಿನಲ್ಲಿ ಇಎಲ್‌ಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚು) ಇದೆಯಾ? ಇಲ್ಲದಿದ್ದರೆ ಮೊದಲ ಖರ್ಚು ಅದು.

ಶೆಡ್ಡಿನ ಕಡೆ ಎರಡು ವೈರು ಸೇರಿಸಿ ಮನೆಯಿಂದ ಓಮ್ ಅಳೆದರೆ ಸಿಗುವುದಿಲ್ಲವಾ ಅಂತ ಕೇಳಬಹುದು. ಕೆಲವು ಸಲ ಸಿಗುತ್ತದೆ. ಆದರೆ ಮಲ್ಟಿಮೀಟರು ಬಿಡುವ ಕರೆಂಟು ತೀರಾ ಕಮ್ಮಿ. ತಣ್ಣಗಿರುವಾಗ ಸರಿ ತೋರಿಸುವ ಜಾಯಿಂಟ್ 10 ಆಂಪಿಯರ್ ಹೋದಾಗ ಬಿಸಿಯಾಗಿ ಕೈ ಕೊಡುವುದೂ ಇದೆ.

ಎಣ್ಮಕಜೆ ತೋಟ:

ಸಿಕ್ಕಿತು ಮಾರಾಯ್ರೆ.

ಇಎಲ್‌ಸಿಬಿ ಇದೆ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆ. ಹೇಳಿದ ಹಾಗೆ ಫ್ಯೂಸ್ ಕಿಸೆಯಲ್ಲಿ ಹಾಕಿಕೊಂಡೇ ಹೋದೆ. ದಾರಿಯಲ್ಲಿ ಎರಡು ಜಾಯಿಂಟ್ ಇದೆ ಅಂತ ನನಗೆ ಗೊತ್ತಿತ್ತು, ಎರಡೂ ತಣ್ಣಗಿದ್ದವು. ಮೂರನೆಯದು ಇದ್ದದ್ದು ತೋಡು ದಾಟಿದ ಮೇಲೆ, ಕರಿಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ಮರದಲ್ಲಿ, ಬಳ್ಳಿಯ ಒಳಗೆ. ಬಳ್ಳಿ ಸರಿಸಿದರೆ ಆ ಮಟ್ಟದ ಎಲೆಗಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಸುರುಟಿವೆ. ಟೇಪು ಗಟ್ಟಿಯಾಗಿ, ಮುಟ್ಟಿದರೆ ಹುಡಿ ಉದುರುತ್ತದೆ. ಒಳಗೆ ತಂತಿ ಸುಮ್ನೆ ತಿರುಪಿ ಬಿಟ್ಟದ್ದು, ಕಪ್ಪು ಹಸುರು ಬಣ್ಣ, ಏಳೆಂಟು ಎಳೆಗಳಲ್ಲಿ ಮೂರು ನಾಲ್ಕು ತುಂಡಾಗಿಯೇ ಹೋಗಿವೆ. ಫೇಸಿನದ್ದು. ಬಿಸಿ ಅಂದರೆ ಕೈ ಹತ್ತಿರ ಹಿಡಿಯಲಿಕ್ಕೆ ಆಗುವುದಿಲ್ಲ.

ಎರಡು ಕಡೆ ಒಳ್ಳೆಯ ತಾಮ್ರ ಬರುವವರೆಗೆ ಕತ್ತರಿಸಿ, ಕ್ರಿಂಪ್ ಸ್ಲೀವ್ (ಎರಡು ತುದಿ ಸೇರಿಸುವ ಲೋಹದ ಕೊಳವೆ) ಹಾಕಿ ಒತ್ತಿಸಿ, ಮೇಲೆ ಬಿಸಿ ಮಾಡಿದರೆ ಬಿಗಿಯುವ ಟ್ಯೂಬ್ ಹಾಕಿಸಿದೆ. ಇಲ್ಲಿಯ ಎಲೆಕ್ಟ್ರಿಷಿಯನ್ ಬಂದು ಮಾಡಿದ್ದು. ಆಮೇಲೆ ನಾನು ಶೆಡ್ಡಿನಲ್ಲಿ, ಮಗಳು ಮನೆಯಲ್ಲಿ, ಫೋನಿನಲ್ಲಿ ಒಟ್ಟಿಗೆ ಓದಿದೆವು. ಮನೆಯಲ್ಲಿ 217, ಶೆಡ್ಡಿನಲ್ಲಿ 200. 17 ಭಾಗಿಸು 8.6 (10 ಗುಣಿಸು 0.86) ಅಂತ ಅವಳೇ ಫೋನಿನಲ್ಲಿ ಹೇಳಿದಳು, 1.98.

ಸಂಜೆಯ ಕತೆ ಮಾತ್ರ ಇನ್ನೂ ಪೂರ್ತಿ ಸರಿ ಆಗಿಲ್ಲ. ಮೊದಲಿಗಿಂತ ವಾಸಿ, ಕೆಲವು ದಿನ ಎತ್ತಿಕೊಳ್ಳುತ್ತದೆ, ಕೆಲವು ದಿನ ಮತ್ತೆ ಗುಂಯ್. 

ಕುಂಬಳೆ ಟೀಚರ್:

1.98! ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ.

ಸಂಜೆಯದ್ದು ಸ್ಟಾರ್ಟಿಂಗಿನ ವಿಷಯ. ಅದಕ್ಕೂ ಅಂದಾಜು ಲೆಕ್ಕ ಹಾಕಬಹುದು. ನಿಂತಿರುವ ಮೋಟರು 200 ವೋಲ್ಟಿಗೆ 50 ಆಂಪಿಯರ್ ಎಳೆಯುತ್ತದೆ ಅಂತ ಹಿಡಿಯಿರಿ, ಅಂದರೆ ಆ ಕ್ಷಣಕ್ಕೆ ಅದರ ಇಂಪೀಡೆನ್ಸ್ ಬರೇ 4 ಓಮ್. ಅದರ ಸರಣಿಯಲ್ಲಿ ನಿಮ್ಮ ವೈರಿನ 2 ಓಮ್. ಓಡುವಾಗ 20ರ ಎದುರು 2 ಇದ್ದದ್ದು ಈಗ 4ರ ಎದುರು 2 ಆಯಿತು. ಅಲೆ ಹಿಂದೆ ಬೀಳುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮನೆಯಲ್ಲಿ 190 ಇರುವಾಗ ಪಂಪಿಗೆ ಸಿಗುವುದು ಸುಮಾರು 135 ವೋಲ್ಟ್. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 220ರಲ್ಲಿ ಇದ್ದ ಬಲದ ಐದರಲ್ಲಿ ಎರಡು ಪಾಲೂ ಇರುವುದಿಲ್ಲ. ಪಾಪ, ಅದು ಎಲ್ಲಿಂದ ತಿರುಗುವುದು?

ಇದೇ ವೈರು ಆರು ಸ್ಕ್ವೇರ್ ಆಗಿದ್ದರೆ ರೋಧ 0.83 ಓಮ್. ಅದೇ 190ಕ್ಕೆ ಪಂಪಿನ ಹತ್ತಿರ ಸುಮಾರು 164 ಸಿಗುತ್ತದೆ. ಬಲ ಈಗಿನದ್ದರ ಒಂದೂವರೆ ಪಟ್ಟಿನ ಹತ್ತಿರ. ಓಡುವಾಗ ವೈರಿನಲ್ಲಿ ಸುಡುವ 200 ವಾಟ್ 83ಕ್ಕೆ ಇಳಿಯುತ್ತದೆ.

ಮಗಳಿಗೆ ಇನ್ನೊಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಹಳೆಯ 60 ವಾಟಿನ ತಂತಿ ಬಲ್ಬು ಇದ್ದರೆ ಮೊದಲು 230ರ ವರ್ಗವನ್ನು 60ರಿಂದ ಭಾಗಿಸಿ ರೋಧ ಎಷ್ಟು ಅಂತ ಬರೆದಿಡಲಿ. ಆಮೇಲೆ ಬಲ್ಬನ್ನು ಕೈಯಲ್ಲಿ ಹಿಡಿದು ಮಲ್ಟಿಮೀಟರಿನಲ್ಲಿ ಅಳೆಯಲಿ. ಎರಡಕ್ಕೂ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ, ಇಲ್ಲಿ ಮೋಟರೂ ಇಲ್ಲ, ಕಾಯಿಲಿನ ನೆಪವೂ ಇಲ್ಲ. ಯಾಕೆ ಅಂತ ಅವಳೇ ಯೋಚನೆ ಮಾಡಲಿ, ನೀವು ಹೇಳಿಕೊಡಬೇಡಿ. ಎಲ್ಇಡಿ ಬಲ್ಬಿನಲ್ಲಿ ಮಾಡಿದರೆ ಏನೂ ಸಿಗುವುದಿಲ್ಲ.

ಬದಿಯಡ್ಕ ವೈರ್‌ಮ್ಯಾನ್:

ಆರು ಸ್ಕ್ವೇರ್ ತಾಮ್ರ 260 ಮೀಟರ್ ಅಂದರೆ ಈಗಿನ ರೇಟಿಗೆ ಕೈ ಸುಡುತ್ತದೆ ಅಣ್ಣ. ಹತ್ತು ಸ್ಕ್ವೇರ್ ಅಲ್ಯುಮಿನಿಯಂ ಹಾಕಿದರೂ ಕಿಲೋಮೀಟರಿಗೆ ಅದೇ 3.08 ಓಮ್, ದುಡ್ಡು ತುಂಬಾ ಕಮ್ಮಿ. ನಾನು ತೋಟಗಳಿಗೆ ಅದನ್ನೇ ಹೇಳುವುದು. ಆದರೆ ಎರಡು ತುದಿಯಲ್ಲಿ ತಾಮ್ರಕ್ಕೆ ಸೇರಿಸುವ ಕಡೆ ಬೈಮೆಟಲ್ ಲಗ್ಗೇ (ಒಂದು ಬದಿ ಅಲ್ಯುಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ತುದಿ) ಹಾಕಿಸಿ. ಅಲ್ಯುಮಿನಿಯಮ್ಮನ್ನು ತಾಮ್ರಕ್ಕೆ ಸೀದಾ ತಿರುಪಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಪ್ಪು ಜಾಯಿಂಟ್. ಸಾಧ್ಯವಾದರೆ ನಡುವೆ ಜಾಯಿಂಟೇ ಇಲ್ಲದ ಹಾಗೆ ಒಂದೇ ತುಂಡು ಎಳೆಸಿ, ಮರಕ್ಕೆ ಕಟ್ಟದೆ ಕಂಬ ಹಾಕಿ ಇಲ್ಲವೇ ಪೈಪಿನಲ್ಲಿ ಹೂಳಿ.

ಅಲ್ಲಿಯವರೆಗೆ ಸಂಜೆ ಪಂಪು ಹಾಕಬೇಡಿ. ಬೆಳಗ್ಗಿನ ಜಾವ ಐದಕ್ಕೆ ಹಾಕಿ, ಆಗ ಲೈನಿನಲ್ಲಿ ಲೋಡ್ ಕಮ್ಮಿ, 225ರ ಹತ್ತಿರ ಸಿಗುತ್ತದೆ. ಮತ್ತೆ ಓವರ್‌ಲೋಡ್ ಬೀಳುತ್ತದೆ ಅಂತ ಅದರ ತಿರುಪನ್ನು ಯಾರಾದರೂ ಮೇಲೆ ತಿರುಗಿಸಿದ್ದಾರಾ ನೋಡಿ. ಪಂಪಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ಸರಿಯಾಗಿ ಅದು ಇರಬೇಕು.